ಲಸಿಕೆಯ ಗುರುತು, ರೋಗದ ಗುರುತು: ಹಕ್ಕಿಜ್ವರದ ಸಂಶೋಧನೆ ಕಲಿಸುವ ಪಾಠ

ಕೋಳಿ ಸಾಕುವ ರೈತರು ಪಶುವೈದ್ಯರನ್ನು ಕೇಳುವ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತದೆ. "ಕೊಕ್ಕರೆ ರೋಗಕ್ಕೆ ಲಸಿಕೆ ಉಂಟು, ಗುಂಬೊರೊ ರೋಗಕ್ಕೆ ಉಂಟು, ಕೋಳಿ ಸಿಡುಬಿಗೂ ಉಂಟು. ಹಕ್ಕಿಜ್ವರ ಬಂದರೆ ಮಾತ್ರ ಲಸಿಕೆ ಹಾಕದೆ ಇರುವ ಕೋಳಿಗಳನ್ನೆಲ್ಲ ಕೊಂದು ಹೂಳುತ್ತೀರಿ. ಇದು ಯಾವ ನ್ಯಾಯ?"

ಈ ಪ್ರಶ್ನೆ ಸರಿಯಾದದ್ದೇ. ಸಾಲ ತೆಗೆದು ಶೆಡ್ಡು ಕಟ್ಟಿಸಿ, ಮರಿ ತಂದು, ಮೊಟ್ಟೆ ಕೈಗೆ ಬರುವ ಹೊತ್ತಿಗೆ ಎಲ್ಲವೂ ಗುಂಡಿಗೆ ಹೋಗುವುದನ್ನು ನೋಡಿದವನಿಗೆ ಹೀಗೆ ಕೇಳುವ ಹಕ್ಕಿದೆ. ಲಸಿಕೆ ಇಲ್ಲವೆಂದು ಹೇಳಿ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಏಕೆಂದರೆ ಲಸಿಕೆ ಇದೆ. ಕೆಲವು ದೇಶಗಳು ಬಳಸುತ್ತಲೂ ಇವೆ. ತೊಡಕು ಇರುವುದು ಬೇರೆ ಕಡೆ. ಲಸಿಕೆ ಪಡೆದ ಕೋಳಿಯ ರಕ್ತ ಮತ್ತು ರೋಗ ತಗಲಿಯೂ ಬದುಕಿ ಉಳಿದ ಕೋಳಿಯ ರಕ್ತ ಸಾಧಾರಣ ಪರೀಕ್ಷೆಯಲ್ಲಿ ಒಂದೇ ರೀತಿ ಕಾಣುತ್ತವೆ. ಯಾವ ಕೋಳಿ ಸುರಕ್ಷಿತ, ಯಾವ ಕೋಳಿಯ ಹಿಂಡಿನಲ್ಲಿ ರೋಗ ಅಡಗಿದೆ ಎಂದು ತಿಳಿಯದಾಗುತ್ತದೆ.

ಈ ಎರಡನ್ನು ಬೇರ್ಪಡಿಸಿ ಗುರುತಿಸುವ ಒಂದು ಉಪಾಯವನ್ನು ಇಟಲಿ ದೇಶದ ಪಶುವೈದ್ಯೆ, ವೈರಸ್ ತಜ್ಞೆ ಇಲಾರಿಯಾ ಕಾಪುವಾ ಅವರು ತಮ್ಮ ಸಹೋದ್ಯೋಗಿಗಳೊಡನೆ ದೊಡ್ಡ ಪ್ರಮಾಣದಲ್ಲಿ ಕಾರ್ಯರೂಪಕ್ಕೆ ತಂದರು. ಆ ಸಂಶೋಧನೆಯನ್ನು ಅರಿತರೆ ಹಕ್ಕಿಜ್ವರದಲ್ಲಿ ಏಕೆ ಹೀಗೆ ಮಾಡುತ್ತಾರೆ, ರೈತರು ಮಾಡಬೇಕಾದದ್ದೇನು ಎಂಬುದು ಸ್ಪಷ್ಟವಾಗುತ್ತದೆ.

ರೋಗದ ಪರಿಚಯ

ಹಕ್ಕಿಜ್ವರವು ಇನ್‌ಫ್ಲುಯೆಂಜಾ ಎ ಜಾತಿಯ ವೈರಸ್ಸಿನಿಂದ ಬರುವ ರೋಗ. ಇದು ಹೊಸ ರೋಗವೇನೂ ಅಲ್ಲ. 1878ರಲ್ಲಿಯೇ ಉತ್ತರ ಇಟಲಿಯಲ್ಲಿ ಪೆರೊನ್ಚಿಟೊ ಎಂಬ ವಿಜ್ಞಾನಿ ಕೋಳಿಗಳ ಈ ಪಿಡುಗನ್ನು ಮೊದಲು ವಿವರಿಸಿದರು. ಇದರ ಮೂಲ ಇನ್‌ಫ್ಲುಯೆಂಜಾ ವೈರಸ್ ಎಂಬುದು ಖಚಿತವಾದದ್ದು 1955ರಲ್ಲಿ.

ಈ ವೈರಸ್ಸಿನ ಸಹಜ ನೆಲೆ ಕಾಡು ಬಾತುಗಳು ಮತ್ತು ಇತರ ನೀರುಹಕ್ಕಿಗಳು. ಸೌಮ್ಯ ಬಗೆಯ ವೈರಸ್ ಅವುಗಳ ಕರುಳಿನಲ್ಲಿ ಬೆಳೆದು ಹಿಕ್ಕೆಯ ಮೂಲಕ ಕೆರೆಯ ನೀರಿಗೆ ಸೇರುತ್ತದೆ. ಹಕ್ಕಿಗೆ ಹೆಚ್ಚಿನ ತೊಂದರೆ ಕಾಣುವುದಿಲ್ಲ. ತಂಪಾದ ನೀರಿನಲ್ಲಿ, ಹಸಿ ಹಿಕ್ಕೆಯಲ್ಲಿ ವೈರಸ್ ವಾರಗಟ್ಟಲೆ ಬದುಕಬಲ್ಲದು. ಅಲ್ಲಿಂದ ಚಪ್ಪಲಿ, ಬುಟ್ಟಿ, ಮೊಟ್ಟೆ ತಟ್ಟೆ, ಮೇವಿನ ಚೀಲ, ವಾಹನದ ಗಾಲಿಗಳ ಮೂಲಕ ಕೋಳಿಮನೆ ಸೇರುತ್ತದೆ.

ವೈರಸ್ಸಿನ ಮೈಮೇಲೆ ಎರಡು ಬಗೆಯ ಮುಳ್ಳುಗಳಿವೆ. ಒಂದನ್ನು ಎಚ್ ಎಂದೂ ಇನ್ನೊಂದನ್ನು ಎನ್ ಎಂದೂ ಕರೆಯುತ್ತಾರೆ. ಎಚ್ ಮುಳ್ಳಿನಿಂದ ವೈರಸ್ಸು ಕೋಳಿಯ ಜೀವಕೋಶಕ್ಕೆ ಅಂಟಿಕೊಂಡು ಒಳಹೋಗುತ್ತದೆ. ಒಳಗೆ ಬೆಳೆದ ಮರಿ ವೈರಸ್ಸುಗಳು ಕೋಶದಿಂದ ಕಳಚಿಕೊಂಡು ಹೊರಬರಲು ಎನ್ ಮುಳ್ಳು ನೆರವಾಗುತ್ತದೆ. ಎಚ್ ಎಂಬುದು ಒಳಹೋಗುವ ಕೀಲಿಕೈ, ಎನ್ ಎಂಬುದು ಹೊರಬರುವ ಕತ್ತರಿ ಎಂದು ತಿಳಿದರೆ ಸಾಕು. ಹಕ್ಕಿಗಳಲ್ಲಿ ಬಹುಕಾಲದಿಂದ ಗುರುತಿಸಿರುವ ಎಚ್ ಬಗೆಗಳು 16, ಎನ್ ಬಗೆಗಳು 9. ಎಚ್5ಎನ್1, ಎಚ್7ಎನ್3, ಎಚ್9ಎನ್2 ಎಂಬ ಹೆಸರುಗಳು ಬಂದಿರುವುದು ಈ ಲೆಕ್ಕದಿಂದಲೇ. ಈ ಎರಡು ಮುಳ್ಳುಗಳ ವಿಚಾರವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಬರುವ ಉಪಾಯವೆಲ್ಲ ಇದರ ಮೇಲೆ ನಿಂತಿದೆ.

ಸೌಮ್ಯ ರೋಗ ಮಾರಕವಾಗುವ ಬಗೆ

ಹಕ್ಕಿಜ್ವರದ ವೈರಸ್ಸುಗಳಲ್ಲಿ ಸೌಮ್ಯ ಬಗೆ, ಮಾರಕ ಬಗೆ ಎಂದು ಎರಡಿವೆ. ಸೌಮ್ಯ ಬಗೆಯಲ್ಲಿ ಕೋಳಿ ಸ್ವಲ್ಪ ಸೀನುತ್ತದೆ, ಮೇವು ಕಡಿಮೆ ಮಾಡುತ್ತದೆ, ಮೊಟ್ಟೆ ಇಳಿಯುತ್ತದೆ. ಮಾರಕ ಬಗೆಯಲ್ಲಿ ಎರಡು ಮೂರು ದಿನಗಳಲ್ಲಿ ಇಡೀ ಹಿಂಡು ಮಲಗಬಹುದು.

ಈ ವ್ಯತ್ಯಾಸಕ್ಕೆ ಕಾರಣ ಎಚ್ ಮುಳ್ಳಿನ ಒಂದು ಸಣ್ಣ ಜಾಗ. ವೈರಸ್ಸು ಕೋಶದೊಳಗೆ ಹೋಗಬೇಕಾದರೆ ಎಚ್ ಮುಳ್ಳು ಆ ಜಾಗದಲ್ಲಿ ಸೀಳಬೇಕು. ಸೀಳುವ ಕೆಲಸವನ್ನು ಕೋಳಿಯ ದೇಹದಲ್ಲಿರುವ ಕಿಣ್ವಗಳೇ ಮಾಡುತ್ತವೆ. ಸೌಮ್ಯ ವೈರಸ್ಸಿನ ಮುಳ್ಳನ್ನು ಸೀಳಬಲ್ಲ ಕಿಣ್ವಗಳು ಶ್ವಾಸನಾಳ ಮತ್ತು ಕರುಳಿನಲ್ಲಿ ಮಾತ್ರ ಇರುವುದರಿಂದ ರೋಗ ಅಷ್ಟಕ್ಕೇ ನಿಲ್ಲುತ್ತದೆ. ಕೆಲವೊಮ್ಮೆ ವೈರಸ್ಸು ಕೋಳಿಯಿಂದ ಕೋಳಿಗೆ ದಾಟುತ್ತ ಬೆಳೆಯುವಾಗ ಆ ಜಾಗದ ರಚನೆ ಬದಲಾಗುತ್ತದೆ. ಆಗ ದೇಹದ ಎಲ್ಲ ಅಂಗಗಳಲ್ಲಿರುವ ಕಿಣ್ವವೂ ಅದನ್ನು ಸೀಳಬಲ್ಲದು. ಮಿದುಳು, ಹೃದಯ, ಪಿತ್ತಕೋಶ ಎನ್ನದೆ ವೈರಸ್ಸು ಎಲ್ಲೆಡೆ ನುಗ್ಗಿ ಕೋಳಿ ಸಾಯುತ್ತದೆ. ಎಚ್5 ಮತ್ತು ಎಚ್7 ಬಗೆಗಳಲ್ಲಿ ಹೀಗಾಗುವ ಅಪಾಯ ಹೆಚ್ಚು. ಆದುದರಿಂದ ಈ ಎರಡು ಬಗೆಗಳು ಸೌಮ್ಯವಾಗಿದ್ದಾಗಲೂ ಅವುಗಳನ್ನು ಉಪೇಕ್ಷಿಸಬಾರದು. ಉಪೇಕ್ಷಿಸಿದರೆ ಏನಾಗುತ್ತದೆ ಎಂಬುದಕ್ಕೆ ಇಟಲಿಯೇ ಉದಾಹರಣೆ.

ಇಟಲಿಯ ಅನುಭವ

ಉತ್ತರ ಇಟಲಿಯ ಪೋ ನದಿಯ ಬಯಲಿನಲ್ಲಿ ಕೋಳಿ ಮತ್ತು ಟರ್ಕಿ ಕೋಳಿಗಳ ಸಾಕಣೆ ಬಹಳ ದಟ್ಟವಾಗಿದೆ. ವೆರೋನಾ ಪಟ್ಟಣದ ಸುತ್ತ ಒಂದು ಫಾರಂ ಇನ್ನೊಂದಕ್ಕೆ ಅಂಟಿಕೊಂಡಂತೆ ಇವೆ. ಮೇವಿನ ಲಾರಿ, ಮರಿಯ ಲಾರಿ, ಕೋಳಿ ಹಿಡಿಯುವ ಆಳುಗಳು ಒಂದು ಫಾರಂನಿಂದ ಇನ್ನೊಂದಕ್ಕೆ ಓಡಾಡುತ್ತಲೇ ಇರುತ್ತಾರೆ.

1999ರ ಮಾರ್ಚಿನಲ್ಲಿ ಅಲ್ಲಿ ಸೌಮ್ಯ ಬಗೆಯ ಎಚ್7ಎನ್1 ಕಾಣಿಸಿತು. ಆಗಿನ ಐರೋಪ್ಯ ಕಾನೂನು ಮಾರಕ ಬಗೆಯನ್ನು ಮಾತ್ರ ಕಡ್ಡಾಯವಾಗಿ ನಿರ್ಮೂಲ ಮಾಡಬೇಕೆಂದು ಹೇಳುತ್ತಿತ್ತು. ಸೌಮ್ಯ ರೋಗಕ್ಕೆ ಕೋಳಿ ಕೊಲ್ಲುವ ಅಧಿಕಾರವಾಗಲಿ ಪರಿಹಾರದ ಹಣವಾಗಲಿ ಇರಲಿಲ್ಲ. ರೋಗ ಒಂಬತ್ತು ತಿಂಗಳ ಕಾಲ ಫಾರಂನಿಂದ ಫಾರಂಗೆ ಹರಿದಾಡಿತು. ಡಿಸೆಂಬರ್ ತಿಂಗಳಲ್ಲಿ ಅದೇ ವೈರಸ್ಸು ಮಾರಕವಾಗಿ ಬದಲಾಯಿತು. 2000ದ ವಸಂತ ಕಾಲದೊಳಗೆ 413 ಫಾರಂಗಳಲ್ಲಿ ರೋಗ ಕಂಡುಬಂದು, ಸತ್ತ ಮತ್ತು ಕೊಲ್ಲಬೇಕಾಗಿ ಬಂದ ಹಕ್ಕಿಗಳ ಸಂಖ್ಯೆ 1 ಕೋಟಿ 30 ಲಕ್ಷವನ್ನು ಮೀರಿತು. ಸರ್ಕಾರ ಪರಿಹಾರಕ್ಕೆಂದೇ ಕೊಟ್ಟ ಹಣ 10 ಕೋಟಿ ಯೂರೋಗಿಂತ ಹೆಚ್ಚು.

ಮಾರಕ ರೋಗವನ್ನು ಹತೋಟಿಗೆ ತಂದ ಮೇಲೆ 2000ದ ಆಗಸ್ಟಿನಲ್ಲಿ ಸೌಮ್ಯ ಬಗೆಯ ಎಚ್7ಎನ್1 ಮತ್ತೆ ತಲೆಯೆತ್ತಿತು. ಹಿಂದಿನ ವರ್ಷದ ಕಥೆ ಇನ್ನೊಮ್ಮೆ ನಡೆಯಬಹುದೆಂಬ ಭಯ ಎಲ್ಲರಲ್ಲಿಯೂ ಹುಟ್ಟಿತು. ಲಸಿಕೆ ಹಾಕೋಣವೆಂಬ ಬೇಡಿಕೆ ಬಂದದ್ದು ಈ ಹೊತ್ತಿನಲ್ಲಿ.

ಲಸಿಕೆಯಲ್ಲಿರುವ ತೊಡಕು

ಲಸಿಕೆ ಕೋಳಿಯನ್ನು ಸಾವಿನಿಂದ ಕಾಪಾಡುತ್ತದೆ. ಚೆನ್ನಾಗಿ ಲಸಿಕೆ ಪಡೆದ ಹಿಂಡಿಗೆ ರೋಗ ತಗಲಬೇಕಾದರೆ ಹೆಚ್ಚು ವೈರಸ್ಸು ಬೇಕು. ತಗಲಿದರೂ ಹಿಕ್ಕೆಯಲ್ಲಿ ಹೊರಬೀಳುವ ವೈರಸ್ಸು ಕಡಿಮೆ. ಇವೆಲ್ಲ ಲಾಭಗಳೇ.

ಆದರೆ ಲಸಿಕೆ ಪಡೆದ ಕೋಳಿಗೆ ರೋಗ ತಗಲುವುದೇ ಇಲ್ಲವೆಂದು ಹೇಳುವಂತಿಲ್ಲ. ತಗಲಿದ ಕೋಳಿ ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿಯೇ ಇರುತ್ತದೆ, ಮೇವು ತಿನ್ನುತ್ತದೆ, ಅಷ್ಟಿಷ್ಟು ವೈರಸ್ಸನ್ನು ಹೊರಬಿಡುತ್ತಲೂ ಇರುತ್ತದೆ. ಲಸಿಕೆಯಿಲ್ಲದ ಹಿಂಡಿನಲ್ಲಿ ಕೋಳಿಗಳ ಸಾವೇ ಎಚ್ಚರಿಕೆಯ ಗಂಟೆ. ಲಸಿಕೆ ಹಾಕಿದ ಹಿಂಡಿನಲ್ಲಿ ಆ ಗಂಟೆ ಬಾರಿಸುವುದಿಲ್ಲ. ರೋಗ ಕಾಣದಂತೆ ಊರೂರಿಗೆ ಹರಡಬಹುದು. ಅಷ್ಟೇ ಅಲ್ಲದೆ ಕೋಳಿ ಸಾಕುವವರಿಗೂ ಅಪಾಯವಿದೆ. 1997ರಲ್ಲಿ ಹಾಂಗ್‌ಕಾಂಗಿನಲ್ಲಿ ಎಚ್5ಎನ್1 ವೈರಸ್ಸು 18 ಜನರಿಗೆ ತಗಲಿ ಆರು ಜನ ತೀರಿಕೊಂಡರು.

ಹಾಗಾದರೆ ರಕ್ತ ಪರೀಕ್ಷೆ ಮಾಡಿ ನೋಡಬಾರದೇ? ಇಲ್ಲಿಯೇ ತೊಡಕು. ರೋಗ ತಗಲಿದಾಗ ಕೋಳಿಯ ರಕ್ತದಲ್ಲಿ ಆ ವೈರಸ್ಸಿನ ವಿರುದ್ಧ ಪ್ರತಿಕಾಯಗಳು ಹುಟ್ಟುತ್ತವೆ. ಲಸಿಕೆ ಹಾಕಿದಾಗಲೂ ಅವೇ ಪ್ರತಿಕಾಯಗಳು ಹುಟ್ಟುತ್ತವೆ. ಲಸಿಕೆಯ ಕೆಲಸವೇ ಅದು. ಪರೀಕ್ಷೆಯಲ್ಲಿ ಪ್ರತಿಕಾಯ ಕಂಡರೆ ಅದು ಲಸಿಕೆಯದೋ ರೋಗದ್ದೋ ಹೇಳಲಾಗದು. ಹೀಗೆ ಹೇಳಲಾಗದ ದೇಶದ ಕೋಳಿ, ಮೊಟ್ಟೆಗಳನ್ನು ಬೇರೆ ದೇಶಗಳು ಕೊಳ್ಳಲು ಹಿಂಜರಿಯುತ್ತವೆ. ರೈತನಿಗೆ ಕೋಳಿ ಉಳಿದರೂ ಪೇಟೆ ಉಳಿಯುವುದಿಲ್ಲ.

ಕಾಪುವಾ ಅವರ ಉಪಾಯ

ಪಡೋವಾ ನಗರದ ಬಳಿ ಲೆನ್ಯಾರೋ ಎಂಬಲ್ಲಿ ವೆನಿಸ್ ಸೀಮೆಯ ಪ್ರಾಣಿರೋಗ ಸಂಶೋಧನಾ ಸಂಸ್ಥೆ ಇದೆ. ಕಾಪುವಾ ಅವರು ಅಲ್ಲಿ ಹಕ್ಕಿಜ್ವರದ ಪ್ರಯೋಗಶಾಲೆಯನ್ನು ನೋಡಿಕೊಳ್ಳುತ್ತಿದ್ದರು. ಅವರ ತಂಡ ಆರಿಸಿಕೊಂಡ ದಾರಿ ಬಹಳ ಸರಳವಾದದ್ದು.

ನಮ್ಮ ಕುರಿಗಾರರು ಹಿಂಡುಗಳು ಬೆರೆತರೂ ತಮ್ಮ ಕುರಿ ಗುರುತಿಸಲೆಂದು ಬಣ್ಣ ಹಚ್ಚುತ್ತಾರೆ. ಹಾಗೆಯೇ ಲಸಿಕೆಗೂ ಒಂದು ಗುರುತು ಇಟ್ಟರೆ ಹೇಗೆ? ಊರಿನಲ್ಲಿ ಹರಡುತ್ತಿದ್ದ ವೈರಸ್ಸು ಎಚ್7ಎನ್1. ಅವರು ಲಸಿಕೆಗೆ ಆರಿಸಿದ್ದು ಎಚ್7ಎನ್3. ಎಚ್ ಮುಳ್ಳು ಎರಡರಲ್ಲೂ ಒಂದೇ ಬಗೆಯದು. ಎನ್ ಮುಳ್ಳು ಮಾತ್ರ ಬೇರೆ. ಈ ಲಸಿಕೆಗೆ ಬಳಸಿದ ಮೂಲ ವೈರಸ್ಸು 1995ರಲ್ಲಿ ಪಾಕಿಸ್ತಾನದ ಕೋಳಿಯಿಂದ ದೊರೆತದ್ದು. ಅದನ್ನು ಕೊಂದು, ಎಣ್ಣೆಯಲ್ಲಿ ಬೆರೆಸಿ ಲಸಿಕೆ ಮಾಡಲಾಗಿತ್ತು.

ಕೋಳಿಯನ್ನು ರೋಗದಿಂದ ಕಾಪಾಡುವ ಪ್ರತಿಕಾಯ ಮುಖ್ಯವಾಗಿ ಎಚ್ ಮುಳ್ಳಿನ ವಿರುದ್ಧ ಹುಟ್ಟುವಂಥದ್ದು. ಎಚ್ ಒಂದೇ ಆದುದರಿಂದ ರಕ್ಷಣೆಗೆ ಕೊರತೆಯಾಗಲಿಲ್ಲ. ಎನ್ ಬೇರೆಯಾದುದರಿಂದ ಗುರುತು ಸಿಕ್ಕಿತು. ಇದರ ಲೆಕ್ಕ ಹೀಗಿದೆ:

ಲಸಿಕೆ ಮಾತ್ರ ಪಡೆದ ಕೋಳಿಯ ರಕ್ತದಲ್ಲಿ ಎಚ್7 ಮತ್ತು ಎನ್3 ಪ್ರತಿಕಾಯಗಳಿರುತ್ತವೆ. ಎನ್1 ಪ್ರತಿಕಾಯ ಇರುವುದಿಲ್ಲ.

ಲಸಿಕೆ ಇಲ್ಲದೆ ರೋಗ ತಗಲಿದ ಕೋಳಿಯಲ್ಲಿ ಎಚ್7 ಮತ್ತು ಎನ್1 ಪ್ರತಿಕಾಯಗಳಿರುತ್ತವೆ.

ಲಸಿಕೆ ಪಡೆದ ಮೇಲೂ ರೋಗ ತಗಲಿದ ಕೋಳಿಯಲ್ಲಿ ಎಚ್7, ಎನ್3 ಜೊತೆಗೆ ಎನ್1 ಪ್ರತಿಕಾಯವೂ ಸಿಗುತ್ತದೆ.

ಅಂದರೆ ರಕ್ತದಲ್ಲಿ ಎನ್1 ಪ್ರತಿಕಾಯ ಕಂಡಿತೆಂದರೆ ಆ ಹಿಂಡಿಗೆ ನಿಜವಾದ ರೋಗ ಹೊಕ್ಕಿದೆ ಎಂದರ್ಥ. ಇದನ್ನು ಕಂಡುಹಿಡಿಯುವ ಪರೀಕ್ಷೆಯನ್ನೂ ಅವರ ತಂಡ ರೂಪಿಸಿತು. ಎನ್1 ಮುಳ್ಳಿನ ಜೀನನ್ನು ಒಂದು ಕೀಟ ವೈರಸ್ಸಿಗೆ ಸೇರಿಸಿ, ಪ್ರಯೋಗಶಾಲೆಯಲ್ಲಿ ಬೆಳೆಸಿದ ಕೀಟದ ಕೋಶಗಳಲ್ಲಿ ಎನ್1 ಮುಳ್ಳು ತಯಾರಾಗುವಂತೆ ಮಾಡಿದರು. ಕಡಲೆ, ತೊಗರಿ ಬೆಳೆಯುವವರು ಕಾಯಿಕೊರಕ ಹುಳುವಿಗೆ ಸಿಂಪಡಿಸುವ ಎನ್.ಪಿ.ವಿ. ನಂಜಾಣುವನ್ನು ಬಲ್ಲರು, ಈ ಕೀಟ ವೈರಸ್ಸು ಅದೇ ಬಳಗದ್ದು. ಆ ಕೋಶಗಳ ಮೇಲೆ ಕೋಳಿಯ ರಕ್ತದ ತಿಳಿಯನ್ನು ಹಾಕಿ, ಹೊಳೆಯುವ ಬಣ್ಣವನ್ನು ಸೇರಿಸುತ್ತಾರೆ. ಎನ್1 ಪ್ರತಿಕಾಯ ಇದ್ದರೆ ಸೂಕ್ಷ್ಮದರ್ಶಕದಲ್ಲಿ ಕೋಶಗಳು ಹೊಳೆಯುತ್ತವೆ, ಇಲ್ಲದಿದ್ದರೆ ಇಲ್ಲ.

ಪ್ರತಿ ಲಸಿಕೆ ಹಿಂಡಿನಲ್ಲಿಯೂ ಕೆಲವು ಹಕ್ಕಿಗಳಿಗೆ ಲಸಿಕೆ ಹಾಕದೆ ಗುರುತು ಮಾಡಿ ಬಿಟ್ಟರು. ಇವು ಕಾವಲು ಹಕ್ಕಿಗಳು. ವೈರಸ್ಸು ಒಳಹೊಕ್ಕರೆ ಇವಕ್ಕೆ ಮೊದಲು ತಗಲಿ ಸುಳಿವು ಕೊಡುತ್ತವೆ. ಜೊತೆಗೆ ಫಾರಂಗಳ ನಡುವಿನ ಓಡಾಟಕ್ಕೆ ಕಟ್ಟುನಿಟ್ಟು ಮಾಡಿದರು. ರೋಗ ತಗಲಿದ ಹಿಂಡುಗಳನ್ನು ತೆಗೆದರು. 2000ದ ನವೆಂಬರಿನಲ್ಲಿ ಲಸಿಕೆ ಆರಂಭವಾಯಿತು. 2001ರ ಮಾರ್ಚಿನ ನಂತರ ಆ ಎಚ್7ಎನ್1 ಅಲ್ಲಿ ಕಾಣಲಿಲ್ಲ. 2001ರ ಕೊನೆಗೆ, ಪರೀಕ್ಷೆಯಲ್ಲಿ ರೋಗವಿಲ್ಲವೆಂದು ತಿಳಿದ ಲಸಿಕೆ ಹಿಂಡುಗಳ ಟರ್ಕಿ ಮಾಂಸವನ್ನು ಇತರ ಐರೋಪ್ಯ ದೇಶಗಳಿಗೆ ಮಾರಲು ಅನುಮತಿಯೂ ದೊರೆಯಿತು. ಕೋಳಿಯೂ ಉಳಿಯಿತು, ಪೇಟೆಯೂ ಉಳಿಯಿತು.

ಉಪಾಯದ ಮಿತಿಗಳು

ಈ ಉಪಾಯ ಎಲ್ಲ ಕಾಲಕ್ಕೂ ಎಲ್ಲ ಕಡೆಗೂ ಸಲ್ಲುವಂಥದ್ದೆಂದು ತಿಳಿಯಬಾರದು. ಅದರ ಮಿತಿಯೂ ಇಟಲಿಯಲ್ಲಿಯೇ ಗೊತ್ತಾಯಿತು. 2002ರ ಅಕ್ಟೋಬರಿನಲ್ಲಿ ಅದೇ ಸೀಮೆಗೆ ಹೊಸ ವೈರಸ್ಸು ಬಂದಿತು. ಅದು ಎಚ್7ಎನ್3! ಲಸಿಕೆಯಲ್ಲಿದ್ದ ಎನ್ ಮುಳ್ಳೂ ಹೊಸ ರೋಗದ ಎನ್ ಮುಳ್ಳೂ ಒಂದೇ ಆಗಿ ಗುರುತು ಅಳಿಸಿಹೋಯಿತು. ಈಗ ಎನ್1 ಇರುವ ಲಸಿಕೆ ಬೇಕಾಯಿತು. ಅದು ಕೈಗೆ ಸಿಕ್ಕಿ ಕೆಲಸ ಶುರುವಾಗುವಷ್ಟರಲ್ಲಿ ರೋಗ ಬಹಳ ಫಾರಂಗಳಿಗೆ ಹರಡಿತ್ತು. 2003ರ ಶರತ್ಕಾಲದ ಹೊತ್ತಿಗೆ ಅದು ಹತೋಟಿಗೆ ಬಂದಿತು.

ಇದರಿಂದ ಮೂರು ಸಂಗತಿಗಳು ತಿಳಿಯುತ್ತವೆ. ಒಂದು, ಊರಿನಲ್ಲಿ ಯಾವ ವೈರಸ್ಸು ಓಡಾಡುತ್ತಿದೆ ಎಂಬುದು ಸದಾ ತಿಳಿದಿರಬೇಕು. ಎರಡು, ಅದಕ್ಕೆ ತಕ್ಕ ಲಸಿಕೆ ಮೊದಲೇ ಸಿದ್ಧವಿರಬೇಕು. ಮೂರು, ಲಸಿಕೆ ಹಾಕಿದ ಪ್ರತಿ ಹಿಂಡನ್ನೂ ಬಿಡದೆ ಪರೀಕ್ಷಿಸುವ ಆಳು, ಹಣ, ಪ್ರಯೋಗಶಾಲೆ ಇರಬೇಕು. ಹಿತ್ತಿಲಲ್ಲಿ ನಾಲ್ಕಾರು ನಾಟಿ ಕೋಳಿ ಸಾಕುವ ಲಕ್ಷಾಂತರ ಮನೆಗಳಿರುವ ದೇಶದಲ್ಲಿ ಮೂರನೆಯದು ಸುಲಭವಲ್ಲ.

ಫ್ರಾನ್ಸ್ ದೇಶ 2023ರ ಅಕ್ಟೋಬರಿನಿಂದ ಬಾತುಕೋಳಿಗಳಿಗೆ ಹಕ್ಕಿಜ್ವರದ ಲಸಿಕೆ ಹಾಕತೊಡಗಿತು. ಲಸಿಕೆ ಹಿಂಡುಗಳ ಪರೀಕ್ಷೆಯನ್ನೂ ಕಡ್ಡಾಯ ಮಾಡಿತು. ಆದರೂ ಅಮೆರಿಕ ಕೂಡಲೇ ಫ್ರಾನ್ಸಿನ ಕೋಳಿ ಉತ್ಪನ್ನಗಳ ಆಮದಿಗೆ ನಿರ್ಬಂಧ ಹಾಕಿತು. ಲಸಿಕೆಯ ಪ್ರಶ್ನೆ ವಿಜ್ಞಾನದ್ದಾಗಿರುವಂತೆ ವ್ಯಾಪಾರದ್ದೂ ಆಗಿದೆ ಎಂಬುದು ಇದರಿಂದ ತಿಳಿಯುತ್ತದೆ.

ಬೀಗ ಹಾಕದ ಮಾಹಿತಿ

ಊರಿನಲ್ಲಿ ಯಾವ ವೈರಸ್ಸು ಇದೆ ಎಂಬುದು ತಿಳಿದಿರಬೇಕೆಂದೆವಷ್ಟೆ. ಆ ತಿಳಿವಳಿಕೆ ಎಲ್ಲರಿಗೂ ಸಿಗಬೇಕೆಂಬ ವಿಚಾರದಲ್ಲಿಯೂ ಕಾಪುವಾ ಅವರ ಪಾತ್ರ ದೊಡ್ಡದು. 2006ರ ಫೆಬ್ರವರಿಯಲ್ಲಿ ಎಚ್5ಎನ್1 ಆಫ್ರಿಕ ಖಂಡದಲ್ಲಿ ಮೊದಲ ಬಾರಿಗೆ ನೈಜೀರಿಯಾ ದೇಶದ ಕೋಳಿಗಳಲ್ಲಿ ಕಂಡುಬಂದಿತು. ಆ ವೈರಸ್ಸನ್ನು ಗುರುತಿಸಿದ್ದು ಪಡೋವಾದ ಪ್ರಯೋಗಶಾಲೆ. ಅದರ ಜೀನುಗಳ ವಿವರವನ್ನು ಕೆಲವೇ ಪ್ರಯೋಗಶಾಲೆಗಳು ನೋಡಬಲ್ಲ, ಗುಪ್ತಪದವಿರುವ ಭಂಡಾರದಲ್ಲಿ ಇಡಬೇಕೆಂಬ ಸೂಚನೆ ಅವರಿಗೆ ಬಂದಿತು. ಅವರು ಒಪ್ಪಲಿಲ್ಲ. ಯಾರು ಬೇಕಾದರೂ ನೋಡಬಹುದಾದ ಸಾರ್ವಜನಿಕ ಭಂಡಾರದಲ್ಲಿ ಅದನ್ನು ಇಟ್ಟು, ಇತರ ವಿಜ್ಞಾನಿಗಳೂ ಹೀಗೆಯೇ ಮಾಡಬೇಕೆಂದು ಕೇಳಿಕೊಂಡರು. ಇದರಿಂದ ಎದ್ದ ಚರ್ಚೆಯ ಫಲವಾಗಿ ಇನ್‌ಫ್ಲುಯೆಂಜಾ ವೈರಸ್ಸುಗಳ ವಿವರ ಹಂಚಿಕೊಳ್ಳುವ ಗಿಸೈಡ್ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆ ರೂಪುಗೊಂಡು, 2008ರಲ್ಲಿ ಅದರ ಭಂಡಾರ ತೆರೆಯಿತು. ಒಂದು ದೇಶದ ಕೋಳಿಯಲ್ಲಿ ಸಿಕ್ಕ ವೈರಸ್ಸು ಇನ್ನೊಂದು ದೇಶದ್ದಕ್ಕೆ ಎಷ್ಟು ಹತ್ತಿರದ್ದು, ಇರುವ ಲಸಿಕೆ ಅದಕ್ಕೆ ಒಗ್ಗುವುದೇ ಎಂದು ಹೋಲಿಸಿ ನೋಡಲು ಇದರಿಂದ ಸಾಧ್ಯವಾಗಿದೆ.

ರೋಗದ ಸುದ್ದಿಯನ್ನು ಮುಚ್ಚಿಟ್ಟರೆ ರೋಗಕ್ಕೇ ಲಾಭ. ವಿಜ್ಞಾನಿಗೆ ಸಲ್ಲುವ ಈ ಮಾತು ರೈತನಿಗೂ ಸಲ್ಲುತ್ತದೆ.

ನಮ್ಮ ಕೊಟ್ಟಿಗೆಯಲ್ಲಿ ಇದೇ ತತ್ವ

ಲಸಿಕೆಯ ಗುರುತನ್ನೂ ರೋಗದ ಗುರುತನ್ನೂ ಬೇರ್ಪಡಿಸುವ ತತ್ವ ಇಟಲಿಗೆ ಮಾತ್ರ ಸೇರಿದ್ದಲ್ಲ. ನಿಮ್ಮ ಕೊಟ್ಟಿಗೆಯ ದನಗಳಿಗೂ ಅದು ಬಳಕೆಯಲ್ಲಿದೆ.

ಕಾಲುಬಾಯಿ ಜ್ವರವನ್ನೇ ನೋಡಿ. 2013ರಲ್ಲಿ ಈ ರೋಗ ಕರ್ನಾಟಕದಲ್ಲಿ ಸಾವಿರಾರು ರಾಸುಗಳನ್ನು ಬಲಿ ತೆಗೆದುಕೊಂಡದ್ದು ಹಲವರ ನೆನಪಿನಲ್ಲಿರಬಹುದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಆರು ತಿಂಗಳಿಗೊಮ್ಮೆ ಲಸಿಕೆ ಹಾಕುವ ಕ್ರಮವಿದೆ. ಕೊಂದ ವೈರಸ್ಸಿನ ಹೊರಕವಚವನ್ನು ಶುದ್ಧಗೊಳಿಸಿ ಲಸಿಕೆ ಮಾಡುತ್ತಾರೆ. ಜೀವಂತ ವೈರಸ್ಸು ಮಾತ್ರ ದೇಹದೊಳಗೆ ಬೆಳೆಯುವಾಗ ಕವಚದಲ್ಲಿರದ ಬೇರೆ ಕೆಲವು ಪ್ರೋಟೀನುಗಳನ್ನು ತಯಾರಿಸುತ್ತದೆ. ಹಸುವಿನ ರಕ್ತದಲ್ಲಿ ಕವಚದ ವಿರುದ್ಧದ ಪ್ರತಿಕಾಯ ಮಾತ್ರ ಇದ್ದರೆ ಅದು ಲಸಿಕೆಯ ಫಲ. ಒಳಪ್ರೋಟೀನಿನ ವಿರುದ್ಧವೂ ಪ್ರತಿಕಾಯ ಸಿಕ್ಕರೆ ರೋಗ ಬಂದು ಹೋಗಿದೆ ಎಂದು ಅರ್ಥ. ಇದನ್ನು ಗುರುತಿಸುವ ಪರೀಕ್ಷೆಯನ್ನು ಮುಕ್ತೇಶ್ವರದಲ್ಲಿದ್ದ ಕಾಲುಬಾಯಿ ರೋಗದ ಸಂಶೋಧನಾ ಕೇಂದ್ರದಲ್ಲಿ ನಮ್ಮವರೇ ರೂಪಿಸಿದ್ದಾರೆ. "ಲಸಿಕೆ ಹಾಕಿಯಾಯಿತಲ್ಲ, ಮತ್ತೆ ರಕ್ತ ಏಕೆ ತೆಗೆಯುತ್ತೀರಿ?" ಎಂದು ಕೇಳುವ ರೈತರಿಗೆ ಇದೇ ಉತ್ತರ.

ಗುರುತು ಸಿಗದ ಕಡೆ ಏನು ಮಾಡಬೇಕಾಗುತ್ತದೆ ಎಂಬುದಕ್ಕೆ ಕಂದು ಹಾಕುವ ಬ್ರುಸೆಲ್ಲಾ ರೋಗ ಉದಾಹರಣೆ. ಅದರ ಹಳೆಯ ಲಸಿಕೆಯನ್ನು ದೊಡ್ಡ ಹಸುವಿಗೆ ಹಾಕಿದರೆ ಪ್ರತಿಕಾಯ ಬಹುಕಾಲ ಉಳಿದು, ರೋಗವಿದೆಯೋ ಲಸಿಕೆಯೋ ತಿಳಿಯದೆ ಗೊಂದಲವಾಗುತ್ತದೆ. ಆದುದರಿಂದ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ ಒಮ್ಮೆ ಲಸಿಕೆ ಹಾಕುತ್ತಾರೆ. ಈ ವಯಸ್ಸನ್ನು ಮೀರಿಸಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ನಮ್ಮಲ್ಲಿ ಹಕ್ಕಿಜ್ವರ

ಭಾರತದಲ್ಲಿ ಹಕ್ಕಿಜ್ವರ ಮೊದಲು ಖಚಿತವಾದದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನಂದೂರಬಾರ್ ಜಿಲ್ಲೆಯ ನವಾಪುರದಲ್ಲಿ. ಕರ್ನಾಟಕದಲ್ಲಿ 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಟರ್ಕಿ ಕೋಳಿಗಳಲ್ಲಿ ಕಂಡಿತು. 2016ರಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್, 2020ರಲ್ಲಿ ಮೈಸೂರು, 2025ರಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ರೋಗ ವರದಿಯಾಗಿದೆ.

2006ರಿಂದ ನಮ್ಮ ದೇಶ ಅನುಸರಿಸುತ್ತ ಬಂದಿರುವುದು ಬೇಗ ಪತ್ತೆಹಚ್ಚಿ ನಾಶಪಡಿಸುವ ಕ್ರಮ. ಭೋಪಾಲದಲ್ಲಿರುವ ಉಚ್ಚ ಭದ್ರತೆಯ ರಾಷ್ಟ್ರೀಯ ಪ್ರಾಣಿರೋಗ ಸಂಸ್ಥೆಯಲ್ಲಿ ರೋಗ ಖಚಿತವಾದರೆ ಸುತ್ತ 1 ಕಿಲೋಮೀಟರ್ ಒಳಗಿನ ಕೋಳಿಗಳನ್ನು ನಾಶಪಡಿಸಿ, 10 ಕಿಲೋಮೀಟರ್‌ವರೆಗೆ ಕಣ್ಗಾವಲು ಇಡುತ್ತಾರೆ. ರೋಗ ಸಣ್ಣ ಜಾಗದಲ್ಲಿರುವಾಗಲೇ ಹಿಡಿದರೆ ಸಾವಿರ ಕೋಳಿಗೆ ಮುಗಿಯುತ್ತದೆ. ಬಿಟ್ಟರೆ ಇಟಲಿಯಂತೆ ಕೋಟಿಗೆ ಹೋಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೊಟ್ಟೆ ಇಳಿಸುವ ಸೌಮ್ಯ ಬಗೆಯ ಎಚ್9ಎನ್2 ರೋಗಕ್ಕೆ ಭೋಪಾಲದ ಸಂಸ್ಥೆ ಲಸಿಕೆಯೊಂದನ್ನು ಅಭಿವೃದ್ಧಿಪಡಿಸಿ, 2022ರಲ್ಲಿ ಅದರ ತಯಾರಿಕೆಯ ವಿಧಾನವನ್ನು ಲಸಿಕೆ ತಯಾರಕರಿಗೆ ನೀಡಿತು. ಇದು ಎಚ್9 ಬಗೆಗೆ ಮಾತ್ರ. ಇದನ್ನು ಹಾಕಿಸಿದ ಮಾತ್ರಕ್ಕೆ ಮಾರಕ ಎಚ್5ಎನ್1 ರೋಗದಿಂದ ರಕ್ಷಣೆ ದೊರೆಯದು. ಹಾಗೆಯೇ ಗೊತ್ತುಗುರಿಯಿಲ್ಲದ ಲಸಿಕೆಯನ್ನು ಯಾರಾದರೂ ಕದ್ದುಮುಚ್ಚಿ ತಂದುಕೊಟ್ಟರೆ ಖಂಡಿತ ಹಾಕಿಸಬೇಡಿ. ಗುರುತಿಲ್ಲದ ಲಸಿಕೆ ನಿಮ್ಮ ಹಿಂಡಿನಲ್ಲಿ ರೋಗವನ್ನು ಮರೆಮಾಡಿ ನೆರೆಹೊರೆಯವರ ಹಿಂಡನ್ನೂ ಹಾಳುಮಾಡುತ್ತದೆ.

ರೈತರು ಅನುಸರಿಸಬೇಕಾದ ಕ್ರಮಗಳು

1. ಕೋಳಿಗಳು ಹಠಾತ್ತನೆ ಹೆಚ್ಚು ಸಾಯತೊಡಗಿದರೆ, ಜುಟ್ಟು ನೀಲಿಗಟ್ಟಿದರೆ, ತಲೆ ಊದಿದರೆ, ಕಾಲಿನ ಮೇಲೆ ಕೆಂಪು ರಕ್ತದ ಕಲೆಗಳು ಕಂಡರೆ, ಮೊಟ್ಟೆ ಒಮ್ಮೆಲೇ ಇಳಿದು ತೊಗಟೆ ತೆಳುವಾದರೆ ಸಂಶಯಪಡಿ. ಕೊಕ್ಕರೆ ರೋಗದಲ್ಲಿಯೂ ಇಂಥ ಲಕ್ಷಣಗಳಿರುವುದರಿಂದ ಕಣ್ಣಂದಾಜಿನಿಂದ ತೀರ್ಮಾನಿಸಬೇಡಿ. ಪ್ರಯೋಗಶಾಲೆಯ ಪರೀಕ್ಷೆಯೇ ಬೇಕು.

2. ಕೂಡಲೇ ಹತ್ತಿರದ ಪಶು ಆಸ್ಪತ್ರೆಗೆ ಅಥವಾ ಗ್ರಾಮ ಪಂಚಾಯಿತಿಗೆ ತಿಳಿಸಿ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ 2009ರ ಕಾಯಿದೆಯ ಪ್ರಕಾರ ಇದು ಮಾಲೀಕನ ಕರ್ತವ್ಯ. ಇದರಲ್ಲಿ ನಿಮ್ಮ ಲಾಭವೂ ಇದೆ. ಸರ್ಕಾರ ಪರಿಹಾರ ಕೊಡುವುದು ಅಧಿಕಾರಿಗಳು ನಾಶಪಡಿಸಿದ ಕೋಳಿಗೆ. ತಾನಾಗಿ ಸತ್ತ ಕೋಳಿಗೆ ಅಲ್ಲ. ತಡಮಾಡಿದ ಪ್ರತಿ ದಿನವೂ ಪರಿಹಾರ ಸಿಗಬಹುದಾಗಿದ್ದ ಕೋಳಿಗಳ ಲೆಕ್ಕ ಕಡಿಮೆಯಾಗುತ್ತ ಹೋಗುತ್ತದೆ.

3. ಸಂಶಯ ಬಂದೊಡನೆ ಉಳಿದ ಕೋಳಿಗಳನ್ನು ಸಂತೆಗೆ ಸಾಗಿಸುವುದು, ನೆಂಟರಿಗೆ ಕೊಡುವುದು ಮಾಡಬೇಡಿ. ಸತ್ತ ಕೋಳಿಯನ್ನು ಕೆರೆಗೆ, ಕಾಲುವೆಗೆ, ರಸ್ತೆ ಬದಿಗೆ ಎಸೆಯಬೇಡಿ. ನಾಯಿ ಕಾಗೆಗಳಿಗೆ ಸಿಗದಂತೆ ನೋಡಿಕೊಳ್ಳಿ. ಬರಿಗೈಯಿಂದ ಮುಟ್ಟದೆ ಕೈಗವಸು ಹಾಕಿಕೊಳ್ಳಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಅಂಥ ಕೋಳಿಗಳ ಬಳಿ ಇದ್ದವರಿಗೆ ಜ್ವರ, ಕೆಮ್ಮು ಬಂದರೆ ವೈದ್ಯರಿಗೆ ಆ ವಿಷಯ ತಿಳಿಸಿಯೇ ಔಷಧಿ ಪಡೆಯಬೇಕು.

4. ಕೋಳಿಮನೆಯ ಬಾಗಿಲಲ್ಲಿ ಕಾಲು ಅದ್ದುವ ಔಷಧಿ ನೀರಿನ ತೊಟ್ಟಿ ಇಡಿ. ಶೆಡ್ಡಿನೊಳಗಿನ ಚಪ್ಪಲಿ, ಬಟ್ಟೆ ಬೇರೆಯಾಗಿರಲಿ. ಈ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇರುವುದರಿಂದ ಸಾಬೂನು ನೀರಿಗೂ ಅದು ಸಾಯುತ್ತದೆ. ಕೈಕಾಲು ತೊಳೆಯುವ ಸಣ್ಣ ಅಭ್ಯಾಸ ದೊಡ್ಡ ಹಾನಿಯನ್ನು ತಪ್ಪಿಸಬಲ್ಲದು. ಆದರೆ ಹಿಕ್ಕೆ, ಕೊಳೆ ಅಂಟಿಕೊಂಡಿದ್ದರೆ ಔಷಧಿ ಕೆಲಸ ಮಾಡದು. ಮೊದಲು ತಿಕ್ಕಿ ತೊಳೆದು ಆಮೇಲೆ ಔಷಧಿ ಬಳಸಬೇಕು.

5. ಕೆರೆಯ ನೀರನ್ನು ಶುದ್ಧಮಾಡದೆ ಕೋಳಿಗೆ ಕುಡಿಸಬೇಡಿ. ಮೇವು ಹೊರಗೆ ಚೆಲ್ಲಿ ಕಾಡುಹಕ್ಕಿಗಳನ್ನು ಆಕರ್ಷಿಸಬೇಡಿ. ಬಾತುಕೋಳಿ, ಟರ್ಕಿ, ಕೋಳಿಗಳನ್ನು ಒಂದೇ ಅಂಗಳದಲ್ಲಿ ಸಾಕಬೇಡಿ. ಸಂತೆಯಿಂದ ತಂದ ಹೊಸ ಕೋಳಿಯನ್ನು ಕೆಲವು ವಾರ ಬೇರೆ ಇಟ್ಟು ನೋಡಿ ನಂತರ ಹಿಂಡಿಗೆ ಸೇರಿಸಿ.

6. ಮೊಟ್ಟೆ ತಟ್ಟೆ, ಪಂಜರ, ಗಾಡಿಗಳು ಫಾರಂನಿಂದ ಫಾರಂಗೆ ತೊಳೆಯದೆ ಹೋಗಬಾರದು. ಇಟಲಿಯಲ್ಲಿ ರೋಗ ಹರಡಿದ್ದು ಬಹುಪಾಲು ಇಂಥ ಓಡಾಟದಿಂದಲೇ.

7. ಕೊಕ್ಕರೆ ರೋಗ, ಗುಂಬೊರೊ ಮುಂತಾದವುಗಳ ಲಸಿಕೆಯನ್ನು ತಪ್ಪದೆ ಹಾಕಿಸಿ, ದಿನಾಂಕ ಬರೆದಿಡಿ. ದಿನವೂ ಸತ್ತ ಕೋಳಿ, ಬಂದ ಮೊಟ್ಟೆ, ತಿಂದ ಮೇವಿನ ಲೆಕ್ಕ ಬರೆಯಿರಿ. ಏನೋ ಏರುಪೇರಾಗಿದೆ ಎಂಬುದನ್ನು ಮೊದಲು ಹೇಳುವುದು ಆ ಪುಸ್ತಕವೇ.

8. ಚೆನ್ನಾಗಿ ಬೇಯಿಸಿದ ಮಾಂಸ, ಮೊಟ್ಟೆಗಳಿಂದ ಭಯವಿಲ್ಲ. ಎಲ್ಲ ಭಾಗವೂ 70 ಡಿಗ್ರಿ ಸೆಲ್ಸಿಯಸ್ ಶಾಖ ಮುಟ್ಟಿದರೆ ವೈರಸ್ಸು ಉಳಿಯುವುದಿಲ್ಲ. ಆದರೆ ಕಾಯಿಲೆಯಿಂದ ಸತ್ತ ಕೋಳಿಯನ್ನು ಅಡುಗೆಗೆ ಬಳಸಲೇಬಾರದು.

ಮೊದಲಿಗೆ ಎತ್ತಿದ ಪ್ರಶ್ನೆಗೆ ಉತ್ತರ ಈಗ ತಿಳಿಯಾಗಿದೆ ಎಂದು ಭಾವಿಸುತ್ತೇವೆ. ಹಕ್ಕಿಜ್ವರಕ್ಕೆ ಲಸಿಕೆ ಹಾಕುವುದು ಆಗದ ಕೆಲಸವಲ್ಲ. ಆದರೆ ಲಸಿಕೆಯ ಜೊತೆಗೆ ಗುರುತು ಹಚ್ಚುವ ಪರೀಕ್ಷೆ, ಬಿಡದ ಕಣ್ಗಾವಲು, ಮುಚ್ಚಿಡದ ಸುದ್ದಿ ಈ ಮೂರೂ ಕೂಡಿದ್ದರೆ ಮಾತ್ರ ಅದು ರೈತನ ಕೈ ಹಿಡಿಯುತ್ತದೆ. ಇವುಗಳಲ್ಲಿ ಪರೀಕ್ಷೆ ವಿಜ್ಞಾನಿಯ ಹೊಣೆ, ಕಣ್ಗಾವಲು ಇಲಾಖೆಯ ಹೊಣೆ. ಸುದ್ದಿ ಮುಟ್ಟಿಸುವ ಹೊಣೆ ಮಾತ್ರ ಬೆಳಿಗ್ಗೆ ಎದ್ದು ಮೊದಲು ಕೋಳಿಮನೆಯ ಬಾಗಿಲು ತೆರೆಯುವ ನಿಮ್ಮದು. ಪಶುವೈದ್ಯರು ಬಂದು ನಿಮ್ಮ ಹಿಂಡಿನ ನಾಲ್ಕು ಹನಿ ರಕ್ತ ಕೇಳಿದಾಗ ಹಿಂಜರಿಯದೆ ಕೊಡಿ. ನಿಮ್ಮ ಕೋಳಿ ಆರೋಗ್ಯವಾಗಿದೆ ಎಂದು ಸಾಕ್ಷಿ ಹೇಳಬಲ್ಲದ್ದು ಅದೇ.